ಶಸ್ತ್ರಚಿಕಿತ್ಸೆಯ ನಂತರ ಮೂಗಿನಿಂದ ನೀರು: ದಯವಿಟ್ಟು ತಡ ಮಾಡಬೇಡಿ

ನಮಸ್ಕಾರ. ಮುಖದ ಸ್ಪರ್ಶ, ನೋವುಗಳನ್ನು ಮಿದುಳಿಗೆ ತಿಳಿಸುವ ಟ್ರೈಜೆಮಿನಲ್ ನರವನ್ನು ಒತ್ತಿ ಮುಖನೋವು ತರುತ್ತಿದ್ದ ರಕ್ತನಾಳವನ್ನು ಸರಿಸುವ ಶಸ್ತ್ರಚಿಕಿತ್ಸೆಯಾದ ಮೇಲೆ, ನಿಮ್ಮ ತಾಯಿಯವರು ಬಗ್ಗಿದಾಗಲೆಲ್ಲ ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತಿರುವುದು ಬರೀ ನೆಗಡಿಯೇ ಎಂದು ಕೇಳಿದ್ದೀರಿ. ನೆಗಡಿಯೆಂದು ಕಾಯದೆ ಇಂದೇ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಕಿವಿಯ ಹಿಂದಿನ ಮೂಳೆಯನ್ನು ತೆರೆಯುವಾಗ ಅದರೊಳಗಿನ ಗಾಳಿಗೂಡುಗಳು ತೆರೆದುಕೊಂಡು, ಪೂರ್ತಿ ಮುಚ್ಚದೆ ಉಳಿದರೆ, ಮಿದುಳಿನ ಸುತ್ತಲಿನ ದ್ರವವು ನಡುಗಿವಿಗೆ ಇಳಿದು ಅಲ್ಲಿಂದ ಗಂಟಲಿಗೂ ಮೂಗಿಗೂ ಹರಿಯಬಹುದು. ಆಗ ಬಾಯಿಗೆ ಉಪ್ಪುಪ್ಪು ರುಚಿ ಬರುವುದುಂಟು. ಈ ದಾರಿಯಲ್ಲಿ ಸೋಂಕು ಒಳಹೊಕ್ಕು ಮೆನಿಂಜೈಟಿಸ್ (ಮಿದುಳಿನ ಹೊದಿಕೆಯ ಉರಿಯೂತ) ಆಗಬಹುದೆಂಬುದೇ ನನ್ನ ಆತಂಕ. ಜ್ವರ, ಕತ್ತಿನ ಬಿಗಿತ, ಮಂಪರು ಕಂಡರೆ ನಡುರಾತ್ರಿಯಾದರೂ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಅಲ್ಲಿಯವರೆಗೆ ಅವರು ಜೋರಾಗಿ ಸಿಂಬಳ ತೆಗೆಯುವುದು, ಶೌಚಕ್ಕೆ ತಿಣುಕುವುದು, ತುಂಬಿದ ಕೊಡ ಎತ್ತುವುದು ಬೇಡ. ಮುಖದ ನೋವು ನಿಂತಿತೆಂದು, ಆ ನೋವಿಗೆ ಕೊಡುವ ಕಾರ್ಬಮಜೆಪಿನ್ ಮಾತ್ರೆಯನ್ನು ಒಮ್ಮೆಗೇ ಬಿಡದೆ, ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿ.