ಸಿಟ್ಟು ಅಂದರೆ ನಿಜವಾಗಿ ಏನು? ಅದು ಬಂದಾಗ ಒಳಗೆ ಏನಾಗುತ್ತದೆ?

ನಷ್ಟವಾದರೆ ದುಃಖ ಬರುತ್ತದೆ. ಅದಕ್ಕೆ ‘ಇದು ಅನ್ಯಾಯ, ಹೀಗೆ ಮಾಡಬಾರದಿತ್ತು’ ಅನ್ನುವ ತೀರ್ಪು ಸೇರಿದಾಗ ಅದು ಸಿಟ್ಟಾಗುತ್ತದೆ.

ಮುಧೋಳದ ಕಡೆ ಸಕ್ಕರೆ ಕಾರ್ಖಾನೆ ಮುಂದಿನ ಕಬ್ಬಿನ ಟ್ರ್ಯಾಕ್ಟರ್ ಸಾಲು ನೆನಸಿಕೊಳ್ಳಿ. ರಾತ್ರಿಯಿಡೀ ಪಾಳಿ ಕಾದವರು ಬೀಡಿ ಸೇದುತ್ತಾ ಸುಮ್ಮನೇ ಇರುತ್ತಾರೆ. ಹಿಂದಿನಿಂದ ಒಬ್ಬ ಅಡ್ಡ ನುಗ್ಗಿದರೆ ಸಾಕು: ದವಡೆ ಬಿಗಿಯುತ್ತದೆ, ಕಿವಿ ಬಿಸಿಯಾಗುತ್ತದೆ, ಮುಷ್ಟಿ ತಾನೇ ಕಟ್ಟುತ್ತದೆ. ಕಾದದ್ದಕ್ಕೆ ಬಾರದ ಸಿಟ್ಟು ಪಾಳಿ ಮುರಿದದ್ದಕ್ಕೆ ಬರುತ್ತದೆ.

ಮಿದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಲಾ ಅನ್ನುವ ಭಾಗ ಎಚ್ಚರಿಕೆ ಕೊಟ್ಟೊಡನೆ ಅಡ್ರಿನಲಿನ್ ಅನ್ನುವ ಹಾರ್ಮೋನ್ ರಕ್ತದಲ್ಲಿ ಹರಿದು ಎದೆಬಡಿತ, ರಕ್ತದೊತ್ತಡ ಏರುತ್ತವೆ. ವಿಚಾರ ಮಾಡುವ, ಹಣೆಯ ಹಿಂದಿನ ಭಾಗದ ಹಿಡಿತ ಸಡಿಲಾಗುತ್ತದೆ. ಬಿಟ್ಟರೆ ಇದು ತಾನಾಗಿಯೇ ಇಳಿಯುತ್ತದೆ. ಆದರೆ ಅದನ್ನೇ ಮೆಲುಕು ಹಾಕುವುದು ಗೋಲಗುಮ್ಮಟದಲ್ಲಿ ಕೂಗಿದಂತೆ. ಒಂದೇ ಕೂಗು ಮತ್ತೆ ಮತ್ತೆ ಮರಳುತ್ತದೆ. ‘ದಿಂಬಿಗೆ ಗುದ್ದಿ ಸಿಟ್ಟು ಹೊರಹಾಕಿ’ ಅನ್ನುವ ಸಲಹೆ (ಯಾರು ಹಬ್ಬಿಸಿದರೋ!) ಕೆಲಸ ಮಾಡದ್ದೂ ಇದಕ್ಕೇ, ಮೈ ಇನ್ನಷ್ಟು ಬಿಸಿಯಾಗುತ್ತದೆ.

ಹಾಗಾದರೆ ಸಿಟ್ಟು ಬಂದಾಗ ಏನು ಮಾಡಬೇಕು? 4 ಸೆಕೆಂಡ್ ಉಸಿರು ಒಳಗೆ, 6 ಸೆಕೆಂಡ್ ಹೊರಗೆ. ನಿಮಿಷಕ್ಕೆ 6 ಸಲ, ಐದು ನಿಮಿಷ. ಮಾತು ಆಮೇಲೆ. ಆಗಲೂ ‘ನೀ ಯಾವಾಗ್ಲೂ ಹಿಂಗ’ ಅನ್ನಬೇಡಿ, ‘ಈ ಪಾಳಿ ನಂದಿತ್ತು’ ಅನ್ನಿ.