ಕರಡಿ ಎದುರಿಗೆ ಬಂದಾಗ ವೈದ್ಯೆ ಏನ್ ಮಾಡ್ಬೇಕು: ನಿಮ್ಮ ಲೇಖನದ ಬಗ್ಗೆ ನಾಲ್ಕು ಮಾತು

ನಮಸ್ಕಾರ ರೀ,

ನೀವು ಕಳಿಸಿದ ‘ಕಾಳಗದಲ್ಲಿ ನಾಲೆಡ್ಜ್ ಸ್ಕಿಲ್‌ಗಳ ಉಪಯೋಗ’ ಪೂರ್ತಿ ಓದ್ದೆ. ನೇರವಾಗೇ ಹೇಳ್ತೀನಿ, ಈಗ ಇರೋ ಹಂಗೆ ಇದನ್ನ ಹಾಕಕ್ಕಾಗಲ್ಲ. ಆದ್ರೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರ್ದು ಕೈ ತೊಳ್ಕೊಳೋ ಲೇಖನನೂ ಅಲ್ಲ ಇದು, ಅದಕ್ಕೇ ಇಷ್ಟುದ್ದ ಬರೀತಿದೀನಿ. ತುಮಕೂರಲ್ಲಿ ಭಾನುವಾರ ಐದು ಜನ ಮಹಡಿ ಮೇಲೆ ಸೇರಿ, ಡೈಸ್ ಇಟ್ಕೊಂಡು, ಕನ್ನಡದಲ್ಲೇ ರೋಲ್‌ಪ್ಲೇಯಿಂಗ್ ಗೇಮ್ ಆಡ್ತೀರ, ಅದೂ ಪಾಳೇಗಾರರ ಕಾಲದ ಮಧುಗಿರಿ ಬೆಟ್ಟದ ಮೇಲೆ ಕಥೆ ಕಟ್ಕೊಂಡು. ಇಂಥದ್ದನ್ನ ಬರೆಯೋರು ಕನ್ನಡಕ್ಕೆ ತುಂಬಾ ಬೇಕು ಕಣ್ರೀ.

ನಿಮ್ಮ ದೂರು ಸರಿಯಾಗೇ ಇದೆ. ಕಾಳಗ ಶುರುವಾಯ್ತು ಅಂದ್ರೆ ಕತ್ತಿಯವನಿಗೆ ಕೆಲಸ, ಬಿಲ್ಲಿನವಳಿಗೆ ಕೆಲಸ, ಮದ್ದು ಗಿಡ ಚರಿತ್ರೆ ಶಾಸ್ತ್ರ ಅಂತ ನಾಲೆಡ್ಜ್ ಸ್ಕಿಲ್‌ಗಳಿಗೇ ಪಾಯಿಂಟೆಲ್ಲ ಹಾಕಿ ಪಾತ್ರ ಮಾಡ್ಕೊಂಡೋರು ಮಾತ್ರ ತಮ್ಮ ಟರ್ನ್ ಬಂದಾಗ ಒಂದು ದೊಣ್ಣೆ ಬೀಸಿ, ತಪ್ಪಿ, ಮೊಬೈಲ್ ನೋಡ್ತಾ ಕೂರೋದು. ಇದಕ್ಕೆ ನೀವು ಕೊಟ್ಟಿರೋ ಪರಿಹಾರದ ಬಗ್ಗೆ ನಂಗೆ ತಕರಾರಿದೆ.

ಮೊದಲು ಸಣ್ಣದು ಹೇಳಿ ಮುಗಿಸ್ತೀನಿ. ಮೊದಲ ನಾಲ್ಕು ಪುಟ ತೆಗೀರಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದಿದ್ದು, 2000ದ ಮೂರನೇ ಆವೃತ್ತಿಲಿ ನಾಲೆಡ್ಜ್ ಅನ್ನೋದು ಸ್ಕಿಲ್ ಪಟ್ಟಿಯಲ್ಲಿ ದೊಡ್ಡ ಜಾಗ ಹಿಡಿದಿದ್ದು, ಎಲ್ಲಾ ಸರಿಯಾಗೇ ಬರ್ದಿದೀರ. ಆದ್ರೆ ಓದೋರಿಗೆ ಇನ್ನೂ ಪ್ರಶ್ನೆನೇ ಹುಟ್ಟಿಲ್ಲ, ಅಷ್ಟರಲ್ಲಿ ಚರಿತ್ರೆ ಬಡಿಸ್ತಾ ಇದ್ರೆ ಎದ್ದು ಹೋಗ್ತಾರೆ.

ನಿಮ್ಮ ಲೇಖನ ನಿಜವಾಗ್ಲೂ ಶುರುವಾಗೋದು ಐದನೇ ಪುಟದಲ್ಲಿ. ಬೆಟ್ಟದ ಗವಿ ಬಾಯಲ್ಲಿ ಕರಡಿ ಅಡ್ಡ ಬರುತ್ತೆ, ನಾಟಿ ವೈದ್ಯೆ ಪಾತ್ರ ಆಡ್ತಿದ್ದ ಹುಡುಗಿ ನೇಚರ್ ಚೆಕ್ ಮಾಡಿ (ಕಾಡು ಪ್ರಾಣಿ ಬಗ್ಗೆ ತನ್ನ ಪಾತ್ರಕ್ಕೆ ಎಷ್ಟು ಗೊತ್ತು ಅಂತ ಡೈಸ್ ಉರುಳಿಸಿ) 19 ತೆಗೀತಾಳೆ, ಆಗ ಕಥೆ ನಡೆಸೋ ಜಿಎಂ ‘ಇದು ಕರಡಿ, ಗೆದ್ದಲು ತಿನ್ನುತ್ತೆ, ಉಗುರು ಉದ್ದ, ಎಚ್‌ಪಿ 30ರ ಆಸುಪಾಸು’ ಅಂತಾನೆ (ಎಚ್‌ಪಿ ಅಂದ್ರೆ ಎಷ್ಟು ಏಟು ತಾಳುತ್ತೆ ಅನ್ನೋ ಅಂಕಿ), ಅವಳು ‘ಸರಿ’ ಅಂತಾಳೆ, ಮುಂದಿನ ಟರ್ನಲ್ಲಿ ಕತ್ತಿಯವನು, ಅಂದ್ರೆ ಫೈಟರ್, ಕೊಂದು ಹಾಕ್ತಾನೆ. ‘ಹೀಗಾಗಬಾರದು’ ಅಂತ ಒಂದೇ ಮಾತಲ್ಲಿ ಮುಗಿಸಿ ನೀವು ಅಂಕಿಗಳ ಪಟ್ಟಿ ಕಡೆ ಓಡಿದೀರ. ಅಲ್ಲೇ ನಿಲ್ಬೇಕಿತ್ತು ಕಣ್ರೀ! ರೋಗ ಪೂರ್ತಿ ಆ ಆರು ಸಾಲಲ್ಲೇ ಇದೆ. ಜಿಎಂ ಸುಳ್ಳೇನೂ ಹೇಳಿಲ್ಲ, ಕರಡಿ ಗೆದ್ದಲು ತಿನ್ನೋದು ನಿಜ. ಆದ್ರೆ ಅದನ್ನ ಕೇಳಿ ಆ ಹುಡುಗಿ ಆ ಟರ್ನಲ್ಲಿ ಏನ್ ಮಾಡಕ್ಕಾಗುತ್ತೆ? ಏನೂ ಇಲ್ಲ. ಬಸ್ ಹೋದ್ಮೇಲೆ ಟೈಮ್ ಟೇಬಲ್ ಕೈಗೆ ಕೊಟ್ಟಂಗಾಯ್ತು.

ಅದೇ ಕರಡಿ ಬಗ್ಗೆ ಇನ್ನೂ ಏನೇನು ಗೊತ್ತಿದೆ ನೋಡಿ. ನಮ್ಮ ದೇವರಾಯನದುರ್ಗ, ಮಧುಗಿರಿ ಕಡೆ ಬಂಡೆಗಳ ಸಂದಿಲಿರೋ ಕರಡಿಗೆ ಕಣ್ಣು ಮಂದ, ಕಿವಿನೂ ಅಷ್ಟಕ್ಕಷ್ಟೆ, ಮೂಗು ಮಾತ್ರ ಭಾರಿ ಚುರುಕು, ಹಂಗಾಗಿ ಮನುಷ್ಯ ಹತ್ರ ಬರೋವರೆಗೂ ಅದಕ್ಕೆ ಎಷ್ಟೋ ಸಲ ಗೊತ್ತೇ ಆಗಲ್ಲ, ಗೊತ್ತಾದಾಗ ಗಾಬರಿ ಬಿದ್ದು ಮೇಲೆ ಬೀಳುತ್ತೆ. ತಾಯಿ ಕರಡಿ ಮರಿಗಳನ್ನ ಬೆನ್ನ ಮೇಲೆ ಹೊತ್ಕೊಂಡು ಓಡಾಡುತ್ತೆ. ಈಗ ಜಿಎಂ 19ಕ್ಕೆ ಹಿಂಗೆ ಹೇಳ್ದ ಅಂತಿಟ್ಕೊಳ್ಳಿ: ‘ಬೆನ್ನ ಮೇಲೆ ಕಪ್ಪಗೆ ಎರಡು ಗಂಟು ಅಲ್ಲಾಡ್ತಾ ಐತೆ, ಮರಿ ಇವು, ಅದು ನಿಮ್ಮನ್ನ ತಿನ್ನಕ್ಕೆ ಬಂದಿಲ್ಲ, ಗವಿಯಿಂದ ಆಚೆ ಹೋಗಕ್ಕೆ ದಾರಿ ಹುಡುಕ್ತಾ ಐತೆ, ನೀವು ನಿಂತಿರೋದೇ ಆ ದಾರಿಲಿ.’ ಅವಳ ಕೈಲಿ ತಕ್ಷಣ ಮೂರು ಕೆಲಸ ಬಂತು. ಎಲ್ರನ್ನೂ ಎಡಕ್ಕೆ ಸರಿಸಿ ದಾರಿ ಬಿಡಿಸ್ಬೋದು, ಕಾಳಗ ಅಲ್ಲಿಗೇ ಮುಗೀತು. ಬೆವರು ಕಂಬಳಿ ಬಿಸಾಕಿ ಮೂಗಿನ ಆಸೆಗೆ ಅತ್ಲಾಗೆ ತಿರುಗಿಸ್ಬೋದು. ಇಲ್ಲಾ, ಕತ್ತಿ ಎತ್ತಿರೋ ಫೈಟರ್ ತೋಳು ಹಿಡಿದು ನಿಲ್ಸಿ ‘ಬ್ಯಾಡ ಕಣೋ’ ಅನ್ಬೋದು, ಆಗ ಟೇಬಲ್‌ನಲ್ಲೇ ಒಂದು ಜಗಳ ಹುಟ್ಟುತ್ತೆ ನೋಡಿ, ಅದು ಡೈಸ್ ಕೊಡದೇ ಇರೋ ಮಜಾ.

ನಿಮ್ಮ ಲೇಖನದಿಂದ ನಾನು ಕೇಳೋದು ಇದೊಂದೇ. ಚೆಕ್ ಗೆದ್ರೆ ಸಿಗೋ ಉತ್ತರ ಆ ಆಟಗಾರ್ತಿ ಆ ಟರ್ನಲ್ಲಿ ಮಾಡೋ ಕೆಲಸನ ಬದಲಾಯಿಸ್ಬೇಕು. ಬದಲಾಯಿಸ್ದೇ ಇದ್ರೆ ಅದನ್ನ ಕಾಳಗ ಮುಗಿದ್ಮೇಲೆ ಬೆಂಕಿ ಮುಂದೆ ಕೂತಾಗ ಹೇಳ್ಕೊಳ್ಲಿ.

ಇನ್ನು ನಿಮ್ಮ ಮುಖ್ಯ ರೂಲ್: ‘ಚೆಕ್ ಗೆದ್ದರೆ ಇಡೀ ಗುಂಪಿಗೆ ಆ ಶತ್ರುವಿನ ಮೇಲೆ +2.’ ಇದು ಕೆಲಸ ಮಾಡುತ್ತೆ, ಇಲ್ಲ ಅನ್ನಲ್ಲ. ಇದರ ಅಣ್ಣತಮ್ಮಂದಿರೂ ಇದಾರೆ, 2007ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್‌ನ 3.5 ಆವೃತ್ತಿಗೆ ನಾಲೆಡ್ಜ್ ಡಿವೋಷನ್ ಅಂತ ಒಂದು ಫೀಟ್ (ಪಾತ್ರ ಆರಿಸ್ಕೊಳೋ ವಿಶೇಷ ಶಕ್ತಿ) ಬಂತು, ಚೆಕ್ ಎಷ್ಟು ಜಾಸ್ತಿ ಬಂದ್ರೆ ಅಷ್ಟು, +1ರಿಂದ +5ವರೆಗೆ, ಹೊಡೆಯೋಕೂ ಡ್ಯಾಮೇಜ್‌ಗೂ ಸೇರಿಸ್ಕೊಳೋದು. ಓದಿದವನಿಗೆ ಕಾಳಗದಲ್ಲಿ ಬೆಲೆ ಬರುತ್ತೆ, ಆದ್ರೆ ಓದಿದ್ದು ಏನು ಅಂತ ಯಾರೂ ಕೇಳಲ್ಲ. ಕರಡಿಗೂ +2, ಬೇತಾಳಕ್ಕೂ +2, ಸುಲಿಗೆಕೋರರಿಗೂ +2. ಎರಡನೇ ಭಾನುವಾರಕ್ಕೆ ‘ನೇಚರ್, 17, ಪ್ಲಸ್ ಟೂ, ನೆಕ್ಸ್ಟ್’ ಅಂತ ಆಗೋಗುತ್ತೆ. ಫೇಟ್ ಅನ್ನೋ ಇನ್ನೊಂದು ಗೇಮ್‌ನಲ್ಲಿ ಇದನ್ನ ಚೆನ್ನಾಗಿ ಬಿಡಿಸಿದಾರೆ, ಅಲ್ಲೂ ಲೋರ್ (ತಿಳುವಳಿಕೆ) ಸ್ಕಿಲ್‌ನಿಂದ ಸಿಗೋದು ಕೊನೆಗೆ +2ನೇ, ಆದ್ರೆ ಮೊದಲು ಒಂದು ವಾಕ್ಯ ಬರೆದು ಟೇಬಲ್ ಮೇಲೆ ಇಡ್ಬೇಕು, ‘ಎಡಗಾಲು ಹಳೇ ಗಾಯ’ ಅಂತ, ಆಮೇಲೆ ಆ ಎಡಗಾಲಿಗೆ ಸಂಬಂಧಪಟ್ಟ ಏನನ್ನಾದ್ರೂ ಮಾಡ್ದಾಗ್ಲೇ ಆ +2. ನಿಮ್ಮ ರೂಲ್ ಇಟ್ಕೊಳ್ಳಿ, ಆ ವಾಕ್ಯ ಸೇರಿಸಿ. ಅಷ್ಟು ಮಾಡಿದ್ರೂ ಅರ್ಧ ಲೇಖನ ಉದ್ಧಾರ.

ಕಷ್ಟದ ಅಂಕಿ (ಚೆಕ್ ಗೆಲ್ಲಕ್ಕೆ ಎಷ್ಟು ಬರ್ಬೇಕು ಅನ್ನೋದು) ಬಗ್ಗೆ ನೀವು 3.5ದ ಸೂತ್ರ ಹಂಗೇ ಎತ್ಕೊಂಡಿದೀರ, 10ಕ್ಕೆ ಪ್ರಾಣಿಯ ಹಿಟ್ ಡೈಸ್ (ಅದರ ಬಲದ ಅಳತೆ) ಸೇರಿಸೋದು. ಅದ್ರಲ್ಲಿ ಎಲ್ರಿಗೂ ಗೊತ್ತಿರೋ ಒಂದು ತೂತಿದೆ, ನೀವು ಅದನ್ನ ಮುಟ್ಟೇ ಇಲ್ಲ. ದೊಡ್ಡ ಕೆಂಪು ಡ್ರಾಗನ್‌ಗೆ 22 ಹಿಟ್ ಡೈಸ್ ಅಂದ್ರೆ 32 ಬೇಕು, ಸ್ಕಿಲ್ ಕಲೀದೇ ಇರೋರಿಗೆ 10ಕ್ಕಿಂತ ಮೇಲಿನ ಪ್ರಶ್ನೆಗೆ ಉತ್ತರನೇ ಸಿಗಲ್ಲ ಅನ್ನೋ ನಿಯಮ ಬೇರೆ, ಹಂಗಾಗಿ ಊರು ಸುಟ್ಟು ಹೋದ ರೈತನಿಗೂ ಡ್ರಾಗನ್ ಬೆಂಕಿ ಉಗುಳುತ್ತೆ ಅಂತ ಗೊತ್ತಿರಲ್ಲ. ಕೋಲಾರದ ಯಾವ ಹಳ್ಳಿಗೆ ಹೋಗಿ ಕೇಳಿ, ಚಿರತೆ ಬಗ್ಗೆ ಮಕ್ಕಳೂ ಹೇಳ್ತಾರೆ, ಬಂಡೆ ಸಂದಿಲಿರೋ ಸಣ್ಣ ಹುಳದ ಬಗ್ಗೆ ಯಾರೂ ಹೇಳಲ್ಲ. ದೊಡ್ಡದು, ಭಯ ಹುಟ್ಸೋದು, ಅದರ ಸುದ್ದಿನೇ ಜಾಸ್ತಿ ಓಡಾಡೋದು. 2009ರ ಪಾಥ್‌ಫೈಂಡರ್ ಅನ್ನೋ ಗೇಮ್ ಇದನ್ನ ಸ್ವಲ್ಪ ಸರಿಮಾಡ್ತು, ಎಲ್ಲೆಲ್ಲೂ ಕಾಣೋ ಪ್ರಾಣಿಗೆ 5, ಸಾಧಾರಣಕ್ಕೆ 10, ಅಪರೂಪದ್ದಕ್ಕೆ 15, ಅದರ ಮೇಲೆ ಪ್ರಾಣಿಯ ಸಿಆರ್ (ಅದನ್ನ ಎದುರಿಸೋದು ಎಷ್ಟು ಕಷ್ಟ ಅನ್ನೋ ಅಂಕಿ). ನಾನಾಗಿದ್ರೆ ಪ್ರಾಣಿ ಬಲ ಪೂರ್ತಿ ಬಿಟ್ಟು, ಆ ಸೀಮೆಲಿ ಅದರ ಮಾತು ಎಷ್ಟು ಓಡಾಡುತ್ತೆ ಅಂತ ಮಾತ್ರ ನೋಡ್ತೀನಿ.

ಟರ್ನ್ ಖರ್ಚಿನ ವಿಷಯಕ್ಕೆ ನೀವು ಒಂದೇ ಪ್ಯಾರಾ ಕೊಟ್ಟಿದೀರ, ನಂಗೆ ಅದೇ ಜೀವಾಳ ಅನ್ಸುತ್ತೆ. 3.5ರಲ್ಲಿ ನೆನಪು ಮಾಡ್ಕೊಳಕ್ಕೆ ಸಾಮಾನ್ಯವಾಗಿ ಆಕ್ಷನ್ನೇ (ಟರ್ನಲ್ಲಿ ಮಾಡಕ್ಕಾಗೋ ಒಂದು ಕೆಲಸ) ಖರ್ಚಾಗಲ್ಲ. 2019ರ ಪಾಥ್‌ಫೈಂಡರ್ ಎರಡನೇ ಆವೃತ್ತಿಲಿ ಒಂದು ಟರ್ನ್‌ಗೆ ಮೂರು ಆಕ್ಷನ್, ಅದ್ರಲ್ಲಿ ಒಂದನ್ನ ಕೊಡ್ಬೇಕು. 2024ರ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಸ್ಟಡಿ ಅಂತ ಒಂದು ಪೂರಾ ಆಕ್ಷನ್ನೇ ಕೊಡ್ಬೇಕು. ಬೆಲೆ ಇಟ್ಟಿದ್ದು ತಪ್ಪಲ್ಲ. ಆದ್ರೆ ಒಂದಿಡೀ ಆಕ್ಷನ್ ಕೊಟ್ಟು ಚೆಕ್ ಗೆದ್ದವಳಿಗೆ ‘ಇದಕ್ಕೆ ವಿಷ ತಾಗಲ್ಲ’ ಅಂತ ಹೇಳಿದ್ರೆ, ಗುಂಪಲ್ಲಿ ವಿಷ ಇಟ್ಕೊಂಡಿರೋರೇ ಯಾರೂ ಇಲ್ದಿದ್ರೆ, ಅದು ಕಳ್ಳತನ. ಅದಕ್ಕೇ ಏನ್ ತಿಳ್ಕೊಬೇಕು ಅನ್ನೋ ಪ್ರಶ್ನೆನ ಆಟಗಾರ್ತಿನೇ ಕೇಳ್ಲಿ, ಪಾಥ್‌ಫೈಂಡರ್‌ನವರೂ ಆಮೇಲೆ ನಿಯಮ ತಿದ್ದುವಾಗ ಇದೇ ದಾರಿಗೆ ಬಂದ್ರು. ‘ಯಾವ ಕಡೆಯಿಂದ ಹೋದ್ರೆ ಇದಕ್ಕೆ ಕಾಣಲ್ಲ?’ ಅಂತ ಅವಳು ಕೇಳಿದ್ರೆ, ಉತ್ತರ ಬರೋಕ್ ಮುಂಚೇನೇ ಮುಂದೇನ್ ಮಾಡ್ತಾಳೆ ಅಂತ ಟೇಬಲ್‌ಗೆಲ್ಲ ಗೊತ್ತಾಗಿರುತ್ತೆ.

ಡಂಜನ್ ವರ್ಲ್ಡ್ ಅನ್ನೋ ಗೇಮ್‌ನ ಒಂದು ನಿಯಮ ನಿಮಗೆ ಇಷ್ಟ ಆಗ್ಬೋದು, ಎರಡು ಆರುಮುಖದ ಡೈಸಲ್ಲಿ 10 ಇಲ್ಲಾ ಅದಕ್ಕಿಂತ ಜಾಸ್ತಿ ಬಂದ್ರೆ ಜಿಎಂ ಕುತೂಹಲದ್ದೂ ಉಪಯೋಗದ್ದೂ ಆದ ಮಾತು ಹೇಳ್ಬೇಕು, 7ರಿಂದ 9 ಬಂದ್ರೆ ಕುತೂಹಲದ್ದು ಮಾತ್ರ, ಅದನ್ನ ಉಪಯೋಗಕ್ಕೆ ತರೋದು ಆಟಗಾರರ ತಲೆನೋವು. ಹಂಗ್ ನೋಡಿದ್ರೆ ‘ಗೆದ್ದಲು ತಿನ್ನುತ್ತೆ’ ಅನ್ನೋದು ಚೊಕ್ಕ 7ರಿಂದ 9ರ ಉತ್ತರ, ಯಾರಾದ್ರೂ ಜಾಣರು ಹುತ್ತದ ಮಣ್ಣು ತಂದು ಗವಿ ಇನ್ನೊಂದು ಬಾಯಲ್ಲಿ ಸುರೀತಾರೆ.

ಸೋತಾಗ ಸುಳ್ಳು ಮಾಹಿತಿ ಕೊಡೋ ನಿಮ್ಮ ನಿಯಮ ನಂಗೆ ಇಷ್ಟ ಆಗ್ಲಿಲ್ಲ. ತೀರಾ ಕೆಟ್ಟ ರೋಲ್‌ಗೆ ಅಷ್ಟೇ, ಅದೂ ಜಿಎಂ ಮರೇಲಿ ಡೈಸ್ ಉರುಳಿಸಿದಾಗ ಮಾತ್ರ ಸರಿ. ನೀವು ಎಲ್ಲಾ ಸೋಲಿಗೂ ಇಟ್ಟಿದೀರ. ಅರ್ಧ ಸಲ ಮೋಸ ಹೋದ ಆಟಗಾರ್ತಿ ಮೂರನೇ ಸಲ ಕೇಳೋದೇ ಬಿಟ್ಟು ದೊಣ್ಣೆ ತಗೋತಾಳೆ, ನೀವು ತಪ್ಪಿಸ್ಬೇಕು ಅಂತಿದ್ದದ್ದು ಅದನ್ನೇ ಅಲ್ವಾ?

ಇನ್ನೊಂದು ಕೊರತೆ ಇದೆ, ಇದು ದೊಡ್ಡದು. ನಿಮ್ಮ ಲೇಖನದಲ್ಲಿ ಜ್ಞಾನ ಅಂದ್ರೆ ಎದುರಿಗಿರೋ ಪ್ರಾಣಿ ಬಗ್ಗೆ ಮಾತ್ರ. ಜಾಗದ ಬಗ್ಗೆ ಯಾಕಿಲ್ಲ? ಬೆಟ್ಟದ ಬಂಡೆಗೆ ಹೆಜ್ಜೇನು ಕಟ್ಟಿರುತ್ತೆ, ಬಾಣ ಬಿಟ್ಟು ಕೆಣಕ್ಬೋದು, ಆದ್ರೆ ಹೆಜ್ಜೇನು ನಮ್ಮೋರು ಅವರೋರು ಅಂತ ನೋಡಲ್ಲ, ಗಾಳಿ ಯಾವ ಕಡೆಗಿದೆ, ಹೊಗೆ ಎಲ್ಲಿ ಹಾಕ್ಬೇಕು, ಕಂಬಳಿ ಎಷ್ಟಿದೆ ಅಂತ ಗೊತ್ತಿರೋಳು ಆಗ ಗುಂಪಿನ ಸೇನಾಪತಿ. ಇಲ್ಲಾಂದ್ರೆ ಒಂದು ಕಾಳಗನ ಕೆಜಿಎಫ್ ಥರದ ಗಣಿ ಒಳಗಿಡಿ. ಅಲ್ಲಿ 2001ರಲ್ಲಿ ಗಣಿ ಮುಚ್ಚೋ ಹೊತ್ತಿಗೆ 3 ಕಿಲೋಮೀಟರಿಗಿಂತ ಆಳ ಹೋಗಿದ್ರು, ಅಷ್ಟಾಳದಲ್ಲಿ ಮೇಲಿನ ಭಾರಕ್ಕೆ ಬಂಡೆ ತಾನಾಗೇ ಸಿಡಿಯೋದು ಗಣಿ ಕೆಲಸದವರಿಗೆಲ್ಲ ಗೊತ್ತಿದ್ದ ಭಯ. ಗಣಿ ಕೆಲಸ ಗೊತ್ತಿರೋ ಪಾತ್ರ ಗೋಡೆಗೆ ಕೈ ಇಟ್ಟು ‘ಈ ಗೋಡೆ ಹತ್ರ ನಿಲ್ಬ್ಯಾಡ್ರೀ, ಅವ್ರನ್ನ ಈ ಕಡೆ ಎಳೀರಿ’ ಅಂದ್ರೆ ಸಾಕು, ಎಲ್ರ ಮುಂದಿನ ಟರ್ನೂ ಬದಲಾಯ್ತು, ಒಂದು ಏಟೂ ಹೊಡೀದೇ.

ಇದಕ್ಕೆಲ್ಲ ಜಿಎಂ ಮೊದಲೇ ತಯಾರಿ ಮಾಡ್ಕೊಬೇಕು, ಅದನ್ನೂ ಬರೀರಿ. ಬರೀ ಎಸಿ (ಏಟು ತಗಲಕ್ಕೆ ಎಷ್ಟು ಬರ್ಬೇಕು ಅನ್ನೋ ಅಂಕಿ), ಎಚ್‌ಪಿ, ಏಟು ಇಷ್ಟೇ ಇರೋ ಶತ್ರು ಬಗ್ಗೆ ತಿಳ್ಕೊಳಕ್ಕೆ ಏನೂ ಇರಲ್ಲ, ಚೆಕ್ 30 ಬಂದ್ರೂ ಜಿಎಂ ತಡಕಾಡ್ತಾನೆ. ಪ್ರತಿ ಶತ್ರುಗೂ ಒಂದು ಭಯ, ಒಂದು ಆಸೆ, ಮೈಯಲ್ಲಿ ಒಂದು ಸಡಿಲ ಜಾಗ ಬರ್ದಿಟ್ಕೊಂಡ್ರೆ ಸಾಕು. ಟ್ರೋಲ್ ಅನ್ನೋ ರಾಕ್ಷಸನ ಗಾಯ ತಾನೇ ಮಾಯುತ್ತೆ, ಬೆಂಕಿ ಇಲ್ಲಾ ಆಸಿಡ್ ಬಿದ್ರೆ ಮಾಯೋದು ನಿಲ್ಲುತ್ತೆ ಅನ್ನೋದು ಹಳೇ ಆಟಗಾರರಿಗೆಲ್ಲ ಬಾಯಿಪಾಠ, ಚೆಕ್ ಮಾಡ್ದೇನೇ ಪಂಜು ಹಚ್ತಾರೆ. ನಿಮಗೆ ಆ ತೊಂದ್ರೆ ಇಲ್ಲ, ನಿಮ್ಮ ಬೆಟ್ಟದ ಶತ್ರುಗಳು ಯಾವ ಪುಸ್ತಕದಲ್ಲೂ ಇಲ್ಲ, ಆ ಲಾಭ ಬಿಟ್ಕೊಡ್ಬೇಡಿ.

ಭಾಷೆ ಬಗ್ಗೆ ಚುಟುಕಾಗಿ: ‘ಕ್ರೀಡಾಪಟುವು ದಾಳವನ್ನು ಉರುಳಿಸತಕ್ಕದ್ದು’ ಅಂತ ಬರೀಬೇಡಿ. ಟೇಬಲ್‌ನಲ್ಲಿ ನೀವು ಹಂಗೆ ಮಾತಾಡಲ್ಲ. ಸ್ಕಿಲ್ ಅಂತೀರೋ ಕೌಶಲ ಅಂತೀರೋ ಒಂದನ್ನ ಹಿಡ್ಕೊಂಡು ಕೊನೇವರೆಗೂ ಅದನ್ನೇ ಬಳಸಿ, ಈಗ ಒಂದೇ ಪುಟದಲ್ಲಿ ಮೂರು ಹೆಸರಿದೆ.

2000 ಪದದೊಳಗೆ ತಂದು ಮತ್ತೆ ಕಳ್ಸಿ. ಗವಿ ಬಾಯಿಂದ ಶುರು ಮಾಡಿ, ಏನಾಯ್ತು, ಏನಾಗ್ಬೋದಿತ್ತು ಅಂತ ಎರಡೂ ತೋರ್ಸಿ, ಎರಡನೇ ಕಾಳಗ ನಿಮ್ಮಿಷ್ಟ. ಅಂಕಿಗಳ ಆರು ಪಟ್ಟಿಲಿ ಒಂದು ಸಾಕು. ಕಳ್ಸೋಕ್ ಮುಂಚೆ ಹೊಸ ರೂಲ್ ಇಟ್ಕೊಂಡು ಒಂದು ಭಾನುವಾರ ಆಡಿ ನೋಡಿ, ವೈದ್ಯೆ ಆಡೋ ಹುಡುಗಿ ಆವತ್ತು ಏನೇನು ಪ್ರಶ್ನೆ ಕೇಳಿದ್ಲು ಅಂತ ಅವಳ ಮಾತಲ್ಲೇ ಬರ್ಕೊಂಡು ಲೇಖನದ ಜೊತೆ ಕಳ್ಸಿ. ಮಳೆಗಾಲದ ಸಂಚಿಕೆಗೆ ಜಾಗ ಇಟ್ಟಿರ್ತೀನಿ.