ಓದುಗರ ಪ್ರಶ್ನೆ: ಅನುಭವಸ್ಥರ ಕಣ್ಣು ಕಂಪ್ಯೂಟರಿಗೆ ಬರುವುದು ಹೇಗೆ?

ಪ್ರಶ್ನೆ: ಭತ್ತದ ರೋಗ ಗುರುತಿಸುವ ಆ್ಯಪ್ ಮಾಡುತ್ತಿದ್ದೇವೆ. ನಿವೃತ್ತ ಕೃಷಿ ಅಧಿಕಾರಿಯೊಬ್ಬರನ್ನು ಕೇಳಿ 40 ನಿಯಮ ಬರೆದುಕೊಂಡೆವು. ನಿಯಮ ಅವರದೇ, ಆದರೂ ಆ್ಯಪ್ ಹೇಳುವುದೇ ಒಂದು, ಅವರು ಹೇಳುವುದೇ ಒಂದು. ಎಲ್ಲಿ ಎಡವಿದೆವು?
– ಓದುಗರು, ಮದ್ದೂರು

ಉತ್ತರ: ‘ಹೇಗೆ ಗುರುತಿಸುತ್ತೀರಿ’ ಎಂದು ಕೇಳಿದಿರಲ್ಲ, ಅಲ್ಲೇ. ಹಾಗೆ ಕೇಳಿದರೆ ಎಂಥವರೂ ಪುಸ್ತಕದಲ್ಲಿದ್ದುದನ್ನೇ ಒಪ್ಪಿಸುತ್ತಾರೆ. ಗದ್ದೆಯ ಬದುವಿನಲ್ಲಿ ಅವರು ಎಲೆ ಮುಟ್ಟುವ ಮೊದಲೇ ‘ಯೂರಿಯಾ ಎಷ್ಟು ಹಾಕ್ದಪ್ಪಾ?’ ಅಂದಿರುತ್ತಾರೆ. ಸಾರಜನಕ ಹೆಚ್ಚಾದರೆ ಬೆಂಕಿ ರೋಗ ಏರುತ್ತದೆ ಎಂಬ ತಿಳಿವಳಿಕೆ ಆ ಒಂದು ಮಾತಿನಲ್ಲಿದೆ. ನಿಮ್ಮ 40ರಲ್ಲಿ ಅದು ಇದೆಯೇ ನೋಡಿ.

ಈಗ 50 ಪ್ರಕರಣಗಳ ಫೋಟೊ ಇಟ್ಟುಕೊಳ್ಳಿ. ಅದರಲ್ಲಿ 10ನ್ನು ಅವರಿಗೆ ತಿಳಿಸದೆ ಎರಡೆರಡು ಸಲ ತೋರಿಸಿ. ರೋಗ ಯಾವುದು, ಹತ್ತಕ್ಕೆ ಎಷ್ಟು ಖಾತ್ರಿ, ಇನ್ನೇನು ಕಂಡಿದ್ದರೆ ಮಾತು ಬದಲಿಸುತ್ತಿದ್ದರು ಎಂಬುದನ್ನು ಹೇಳಿಸಿ ರೆಕಾರ್ಡ್ ಮಾಡಿ. ಅವರು ಕೇಳುವ ಪ್ರಶ್ನೆಗಳ ಕ್ರಮವನ್ನೂ ಬರೆದುಕೊಳ್ಳಿ. ಆ 10ಕ್ಕೆ ಅವರೇ ಎರಡು ಬಗೆಯ ಉತ್ತರ ಕೊಟ್ಟರೆ, ಆ್ಯಪ್ ಪೂರ್ತಿ ಹೊಂದಲೆಂದು ಹಟ ಬೇಡ. ಅವರ ಮಾತೇ ಸರಿಯುತ್ತರವೆಂದೂ ಅಲ್ಲ. ಅನುಮಾನದ ಎಲೆಗಳನ್ನು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನ ಸಸ್ಯರೋಗ ತಜ್ಞರಿಗೂ ತೋರಿಸಿ.

ಇನ್ನು ಲೆಕ್ಕ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಕ್ತದ ಸೋಂಕು ಗುರುತಿಸಲೆಂದು ಕಟ್ಟಿದ ‘ಮೈಸಿನ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ, ಹಲವು ಲಕ್ಷಣಗಳ ಖಾತ್ರಿಯನ್ನು ಕೂಡಿಸಲು ಬಳಸಿದ ಸೂತ್ರವನ್ನೇ ಹಿಡಿಯಿರಿ. ಪೂರ್ತಿ ಖಾತ್ರಿಗೆ 1 ಎಂದಿಟ್ಟುಕೊಂಡು ‘ಚುಕ್ಕೆ ಕದಿರಿನಾಕಾರ’ಕ್ಕೆ 0.6, ‘ನಡುವೆ ಬೂದು’ವಿಗೆ 0.5 ಇಟ್ಟರೆ, 0.6 + 0.5 × (1 − 0.6) = 0.8. ನೋಡಲು ಚೆಂದ, ಆದರೆ ಬೆಂಕಿ ರೋಗದಲ್ಲಿ ಇವೆರಡೂ ಒಂದೇ ಚುಕ್ಕೆಯ ಗುಣ. ಒಬ್ಬನೇ ಸಾಕ್ಷಿಯನ್ನು ಎರಡು ಸಲ ಕಟಕಟೆ ಹತ್ತಿಸಿದಂತಾಯಿತು. ಎರಡನ್ನೂ ಒಂದೇ ನಿಯಮ ಮಾಡಿ.

‘ಇಲ್ಲ’ ಬೇರೆ, ‘ನೋಡಿಲ್ಲ’ ಬೇರೆ. ದುಂಡಾಣು ಅಂಗಮಾರಿಯ ಎಲೆ ಕತ್ತರಿಸಿ ಗಾಜಿನ ಲೋಟದ ತಿಳಿನೀರಿಗಿಟ್ಟರೆ ಕೆಲವೇ ನಿಮಿಷದಲ್ಲಿ ಕತ್ತರಿಸಿದ ಅಂಚಿನಿಂದ ಹಾಲಿನಂಥ ಎಳೆ ಇಳಿಯುತ್ತದೆ. ರೈತ ಲೋಟ ಹಿಡಿಯದೇ ಇದ್ದಾಗ ಆ್ಯಪ್ ಅದನ್ನು ‘ಇಲ್ಲ’ ಎಂದು ಬರೆದುಕೊಂಡು ರೋಗವನ್ನೇ ಕೈಬಿಡುತ್ತದೆ.

ಪ್ರಶ್ನೆ: ನಿಯಮವೇಕೆ? ಲಕ್ಷಣಕ್ಕಿಷ್ಟು ಅಂಕವೆಂದು ಕೂಡಿದರೆ ಸಾಲದೆ?
– ಓದುಗರು, ಮೈಸೂರು

ಉತ್ತರ: ಎಷ್ಟೋ ಸಲ ಸಾಕು. 29 ಮನಶ್ಶಾಸ್ತ್ರಜ್ಞರು 861 ರೋಗಿಗಳ ಬಗ್ಗೆ ಕೊಟ್ಟ ತೀರ್ಪುಗಳಿಂದಲೇ ಅಮೆರಿಕದ ಮನಶ್ಶಾಸ್ತ್ರಜ್ಞ ಲೂಯಿಸ್ ಗೋಲ್ಡ್‌ಬರ್ಗ್ 1970ರಲ್ಲಿ ಒಬ್ಬೊಬ್ಬರದೂ ಅಂಕಸೂತ್ರ ಕಟ್ಟಿದರು. ಹೆಚ್ಚಿನವರ ವಿಷಯದಲ್ಲಿ ಸೂತ್ರವೇ ತಜ್ಞರಿಗಿಂತ ತುಸು ಮೇಲಾಯಿತು. ಸೂತ್ರ ಬೆಳಗ್ಗೆ ಒಂದು, ಸಂಜೆ ಒಂದು ಹೇಳುವುದಿಲ್ಲ. ಆದರೆ ಒಂದೇ ಲಕ್ಷಣ ಇಡೀ ತೀರ್ಪನ್ನು ತಿರುಗಿಸುವಲ್ಲಿ ಕೂಡುವ ಲೆಕ್ಕ ಸೋಲುತ್ತದೆ. ಮೇಲಿನ ಲೋಟದ ಪರೀಕ್ಷೆಯಂಥದ್ದನ್ನು ಅಂಕಕ್ಕೆ ಸೇರಿಸದೆ ಪ್ರತ್ಯೇಕ ನಿಯಮವಾಗಿಯೇ ಇಡಿ.